ಹಿಡಿಕೆಯಲ್ಲಿ ಅಡಗಿದ ಅಧ್ಯಯನ: ಆಕ್ಸೊ ಪೀಲರ್ ಮತ್ತು ಓರೆ ಅಳತೆ ಕಪ್ ನಮ್ಮ ಅಡುಗೆಮನೆಯಲ್ಲಿ

ಆಕ್ಸೊ ಗುಡ್ ಗ್ರಿಪ್ಸ್ ಪೀಲರಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಹಿಡಿಕೆಯ ದಪ್ಪ. ನಮ್ಮ ಪಾತ್ರೆ ಅಂಗಡಿಗಳಲ್ಲಿ ಸಿಗುವ ಸ್ಟೀಲ್ ತಗಡಿನ ಪೀಲರ್ ತೆಳ್ಳಗೆ, ಹಗುರವಾಗಿ, ಚಮಚಗಳ ನಡುವೆ ಎಲ್ಲೋ ಸೇರಿಕೊಂಡುಬಿಡುತ್ತದೆ. ಇದು ಹಾಗಲ್ಲ. ರಬ್ಬರಿನಂಥ ಕಪ್ಪು ಹಿಡಿಕೆ, ಹೆಬ್ಬೆರಳು ಕೂರುವ ಕಡೆ ಎರಡೂ ಬದಿಗೆ ತೆಳುವಾದ ಮೆತ್ತನೆಯ ಪದರಗಳ ಸಾಲು, ಬಾಲದಲ್ಲಿ ದೊಡ್ಡ ತೂತು, ಮುಂದೆ ಅತ್ತಿತ್ತ ಹೊರಳುವ ಅಲಗು. ಆಲೂಗಡ್ಡೆ ಸಿಪ್ಪೆ ತೆಗೆಯಲು ಇಷ್ಟೆಲ್ಲ ಬೇಕೇ ಎಂದು ಅನಿಸುವುದು ಸಹಜ. ಆದರೆ ಈ ಒಂದೊಂದು ಅಂಶವೂ ಯಾರದೋ ಕೈ ಕೆಲಸ ಮಾಡುವುದನ್ನು ಹತ್ತಿರ ಕೂತು ನೋಡಿದ್ದರಿಂದ ಹುಟ್ಟಿದ್ದು. ಬಳಕೆದಾರರ ಅನುಭವದ ಅಧ್ಯಯನ, ಅಂದರೆ ಯುಎಕ್ಸ್ ರಿಸರ್ಚ್, ಎಂದ ಕೂಡಲೇ ಮೊಬೈಲ್ ಆ್ಯಪ್‌ಗಳೇ ನೆನಪಾಗುವ ಈ ಕಾಲದಲ್ಲಿ, ಆ ಕೆಲಸ ಏನು ಮಾಡಬಲ್ಲದು ಎಂಬುದನ್ನು ಬೆರಳಿನಿಂದ ಮುಟ್ಟಿ ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ವಸ್ತು ಸಿಗುವುದು ಕಷ್ಟ.

ಇಲ್ಲಿ ಎರಡು ವಸ್ತುಗಳ ವಿಮರ್ಶೆ ಇದೆ: ಸ್ವಿವೆಲ್ ಪೀಲರ್ ಮತ್ತು ಅದೇ ಕಂಪನಿಯ ಓರೆ ಅಳತೆ ಕಪ್. ಎರಡೂ ಅಮೆರಿಕದಲ್ಲಿ ಹುಟ್ಟಿದವು. ಅಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಸಾಮಾನ್ಯ; ಇಲ್ಲಿ ಆನ್‌ಲೈನ್‌ನಲ್ಲಿ ಆಮದು ಮಾಲಾಗಿ ಸಿಗುತ್ತವೆ, ಸ್ಥಳೀಯ ಪೀಲರಿನ ಹಲವು ಪಟ್ಟು ಬೆಲೆಗೆ. ಅಷ್ಟು ಕೊಡಬಹುದೇ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಅಡುಗೆಮನೆಯಲ್ಲಿ ಯಾರ ಕೈ, ಯಾವ ತರಕಾರಿ ಎಂಬುದರ ಮೇಲೆ ನಿಂತಿದೆ.

1980ರ ದಶಕದ ಕೊನೆ. ಕಾಪ್ಕೊ ಎಂಬ ಅಡುಗೆ ಪಾತ್ರೆಗಳ ಕಂಪನಿ ಕಟ್ಟಿ ನಿವೃತ್ತರಾಗಿದ್ದ ಸ್ಯಾಮ್ ಫಾರ್ಬರ್ ಮತ್ತು ಅವರ ಪತ್ನಿ ಬೆಟ್ಸಿ ದಕ್ಷಿಣ ಫ್ರಾನ್ಸಿನಲ್ಲಿ ಬಾಡಿಗೆ ಮನೆಯಲ್ಲಿದ್ದರು. ಬೆಟ್ಸಿಯವರ ಕೈಗೆ ಸಂಧಿವಾತ. ಮಾಮೂಲಿ ಲೋಹದ ಪೀಲರ್ ಹಿಡಿದು ಸಿಪ್ಪೆ ತೆಗೆಯುವುದು ಅವರಿಗೆ ನೋವಿನ ಕೆಲಸವಾಗಿತ್ತು. ಈ ಕಥೆಯನ್ನು ಹೇಳುವವರು ಬಹಳ ಸಲ ಬೆಟ್ಸಿಯವರನ್ನು ನೋವುಂಡ ಹೆಂಡತಿಯಾಗಿ, ಸ್ಯಾಮ್ ಅವರನ್ನು ಪರಿಹಾರ ಕಂಡ ಗಂಡನಾಗಿ ನಿಲ್ಲಿಸುತ್ತಾರೆ. ಅದು ನ್ಯಾಯವಲ್ಲ. ಬೆಟ್ಸಿ ವಾಸ್ತುಶಿಲ್ಪ ಓದಿದವರು, ಹಿಡಿಕೆ ಹೇಗಿರಬೇಕೆಂದು ಜೇಡಿಮಣ್ಣಿನಲ್ಲಿ ರೂಪ ಕೊಟ್ಟು ನೋಡಿದವರು. ಯಾರಿಗೆ ತೊಂದರೆ ಇದೆಯೋ ಅವರೇ ವಿನ್ಯಾಸದ ಮೇಜಿನಲ್ಲಿ ಕೂತರೆ ಎಷ್ಟು ಬೇಗ ದಾರಿ ಸಿಗುತ್ತದೆ ಎಂಬುದಕ್ಕೆ ಅವರೇ ಸಾಕ್ಷಿ.

ಆಕ್ಸೊ ಕಂಪನಿ ಕಟ್ಟಲು ಹೊರಟ ಸ್ಯಾಮ್ ಫಾರ್ಬರ್ ನ್ಯೂಯಾರ್ಕಿನ ಸ್ಮಾರ್ಟ್ ಡಿಸೈನ್ ಎಂಬ ವಿನ್ಯಾಸ ಸಂಸ್ಥೆಯನ್ನು ಕರೆದರು. ಆ ಸಂಸ್ಥೆಯ ವಿನ್ಯಾಸಕರು ಚಿತ್ರ ಬರೆಯಲು ಕೂರಲಿಲ್ಲ. ಸಂಧಿವಾತ ಇರುವ ಜನರ ಬಳಿಗೆ ಹೋಗಿ, ಅಡುಗೆಮನೆಯ ಸಾಮಾನು ಅವರ ಕೈಯಲ್ಲಿ ಹೇಗೆ ವರ್ತಿಸುತ್ತದೆ ಎಂದು ನೋಡಿದರು. ಪೆಟ್ರೀಷಿಯಾ ಮೂರ್ ಎಂಬ ವಿನ್ಯಾಸಕಿ ಈ ಕೆಲಸಕ್ಕೆ ಸಲಹೆಗಾರ್ತಿಯಾಗಿದ್ದರು. ಅವರು 1979ರಿಂದ 1982ರವರೆಗೆ, ಇನ್ನೂ ಇಪ್ಪತ್ತರ ಹರೆಯದಲ್ಲಿದ್ದಾಗ, ವೃದ್ಧೆಯ ವೇಷ ಹಾಕಿ, ಕಿವಿ ಮಂದವಾಗುವಂತೆ, ಕಣ್ಣು ಮಸುಕಾಗುವಂತೆ, ಕೀಲು ಬಗ್ಗದಂತೆ ಕಟ್ಟಿಕೊಂಡು ಅಮೆರಿಕ ಮತ್ತು ಕೆನಡಾದ ನೂರಕ್ಕೂ ಹೆಚ್ಚು ಊರುಗಳಲ್ಲಿ ಓಡಾಡಿದವರು. ಬಾಗಿಲಿನ ಹಿಡಿ, ಬಸ್ಸಿನ ಮೆಟ್ಟಿಲು, ಡಬ್ಬಿಯ ಮುಚ್ಚಳ ಇವೆಲ್ಲ ವಯಸ್ಸಾದ ದೇಹಕ್ಕೆ ಏನು ಮಾಡುತ್ತವೆ ಎಂಬುದು ಅವರಿಗೆ ಓದಿ ತಿಳಿದದ್ದಾಗಿರಲಿಲ್ಲ.

ನೋಡಿದ್ದನ್ನು ವಿನ್ಯಾಸ ತಂಡದವರು ಉಪಕರಣದ ಹೆಸರಿನಿಂದ ವಿಂಗಡಿಸದೆ, ಕೈಯ ಚಲನೆಯಿಂದ ವಿಂಗಡಿಸಿದರು. ತಿರುಚುವುದು, ತಳ್ಳುವುದು-ಎಳೆಯುವುದು, ಹಿಂಡುವುದು. ಇದು ಸಣ್ಣ ವಿಷಯವಾಗಿ ಕಂಡರೂ ಇಡೀ ಅಧ್ಯಯನದ ಜಾಣತನ ಇಲ್ಲೇ ಇದೆ. ಪೀಲರಿಗೊಂದು, ಸೌಟಿಗೊಂದು, ಡಬ್ಬಿ ತೆರೆಯುವ ಉಪಕರಣಕ್ಕೊಂದು ಹಿಡಿಕೆ ಎಂದು ಹೊರಟರೆ ಕೆಲಸ ಮುಗಿಯುವುದಿಲ್ಲ. ಚಲನೆ ಗೊತ್ತಾದರೆ ಒಂದೇ ಹಿಡಿಕೆ ಹಲವು ಉಪಕರಣಗಳಿಗೆ ಒಗ್ಗುತ್ತದೆ. 1990ರಲ್ಲಿ ಗುಡ್ ಗ್ರಿಪ್ಸ್ ಮಾರುಕಟ್ಟೆಗೆ ಬಂದದ್ದೇ ಒಂದೇ ಬಗೆಯ ಹಿಡಿಕೆಯ 15 ಉಪಕರಣಗಳ ಗುಂಪಾಗಿ.

ಈಗ ಹಿಡಿಕೆಯನ್ನೇ ನೋಡೋಣ. ತೆಳ್ಳನೆಯ ಕಡ್ಡಿಯನ್ನು ಹಿಡಿದರೆ ಬೆರಳುಗಳು ಪೂರ್ತಿ ಮಡಚಿ, ತುದಿಗಳಿಂದಲೇ ಒತ್ತಬೇಕು. ಕೀಲು ಊದಿದವರಿಗೆ ಈ ಪೂರ್ತಿ ಮಡಚುವಿಕೆಯೇ ನೋವು. ಹಿಡಿಕೆ ದಪ್ಪವಾದಂತೆ ಬೆರಳುಗಳು ಅರ್ಧ ಮಡಚಿದ ಸ್ಥಿತಿಯಲ್ಲಿ ನಿಲ್ಲುತ್ತವೆ, ಒತ್ತಡ ಇಡೀ ಅಂಗೈಗೆ ಹರಡುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ ನಿಯೋಶ್‌ನ 2004ರ ಕೈಪಿಡಿ, ಬಲ ಹಾಕುವ ಕೈ ಉಪಕರಣಗಳ ಹಿಡಿಕೆಗೆ ಸುಮಾರು 32ರಿಂದ 51 ಮಿ.ಮೀ., ನಾಜೂಕು ಕೆಲಸದ ಉಪಕರಣಗಳಿಗೆ ಸುಮಾರು 6ರಿಂದ 13 ಮಿ.ಮೀ. ವ್ಯಾಸ ಸೂಚಿಸುತ್ತದೆ. ಸಿಪ್ಪೆ ತೆಗೆಯುವುದು ಈ ಎರಡರ ನಡುವಿನ ಕೆಲಸ: ಅಂಗೈಗೆ ಬಲ ಬೇಕು, ಹೆಬ್ಬೆರಳಿಗೆ ನಾಜೂಕು ಬೇಕು. ಅದಕ್ಕೇ ಹಿಡಿಕೆ ಹಿಂದೆ ದಪ್ಪ, ಹೆಬ್ಬೆರಳು ಮತ್ತು ತೋರುಬೆರಳು ಕೂರುವಲ್ಲಿ ಆ ಮೆತ್ತನೆಯ ಪದರಗಳು. ಒತ್ತಿದಾಗ ಪದರಗಳು ಬೆರಳಿನ ಆಕಾರಕ್ಕೆ ಬಾಗುತ್ತವೆ, ಸಣ್ಣ ಬೆರಳಿಗೂ ದೊಡ್ಡ ಬೆರಳಿಗೂ ಒಂದೇ ಹಿಡಿಕೆ ಸಾಕಾಗುತ್ತದೆ. ಸೈಕಲ್ಲಿನ ಹ್ಯಾಂಡಲ್ ಗ್ರಿಪ್ ನೋಡಿ ಹೊಳೆದ ಉಪಾಯ ಅದು. ಜೊತೆಗೆ, ಎಲ್ಲಿ ಹಿಡಿಯಬೇಕು ಎಂದು ಯಾರೂ ಹೇಳಿಕೊಡಬೇಕಿಲ್ಲ, ಬೆರಳು ತಾನೇ ಅಲ್ಲಿಗೆ ಹೋಗುತ್ತದೆ.

ಹಿಡಿಕೆಯ ಅಡ್ಡಕೊಯ್ತ ಪೂರ್ತಿ ವೃತ್ತವಲ್ಲ, ಅಂಡಾಕಾರ. ವೃತ್ತಾಕಾರದ ಹಿಡಿಕೆ ಒದ್ದೆ ಕೈಯಲ್ಲಿ ಗಿರಗಿರ ತಿರುಗುತ್ತದೆ. ಅದನ್ನು ತಡೆಯಲು ಬೆರಳುಗಳು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕಾಗುತ್ತದೆ. ಅಂಡಾಕಾರದ್ದು ಹಾಗೆ ತಿರುಗದು. ಹಿಡಿಕೆಯ ವಸ್ತು ಸ್ಯಾಂಟೊಪ್ರೀನ್, ಪ್ಲಾಸ್ಟಿಕ್ಕಿನಂತೆ ಕರಗಿಸಿ ಅಚ್ಚು ಹಾಕಬಹುದಾದ, ರಬ್ಬರಿನಂತೆ ಮೆತ್ತಗಿರುವ ಸಾಮಗ್ರಿ. ಡಿಶ್‌ವಾಶರ್ ಬಾಗಿಲಿನ ಗ್ಯಾಸ್ಕೆಟ್‌ಗಳಲ್ಲಿ ಬಳಕೆಯಾಗುತ್ತಿತ್ತು, ಅಂದರೆ ಬಿಸಿನೀರು ಮತ್ತು ಸೋಪಿಗೆ ಜಗ್ಗದ ಗುಣ ಮೊದಲೇ ಗೊತ್ತಿತ್ತು. ಬಾಲದ ದೊಡ್ಡ ತೂತು ಮೊಳೆಗೆ ಸಿಕ್ಕಿಸಲು. ಕಣ್ಣು ಮಂಜಾದವರೂ ಕೈ ನಡುಗುವವರೂ ಗುರಿಯಿಟ್ಟು ತೂರಿಸಬೇಕಾದ ಗೋಜಿಲ್ಲ. ದಪ್ಪ ಹಿಡಿಕೆಯ ಭಾರವನ್ನೂ ಅದು ಸ್ವಲ್ಪ ಇಳಿಸುತ್ತದೆ.

ಇನ್ನೊಂದು ತೀರ್ಮಾನ ಕಣ್ಣಿಗೆ ಕಾಣದು. ಸಂಧಿವಾತದವರ ಕೈ ನೋಡಿ ಮಾಡಿದ ಈ ಪೀಲರನ್ನು ಸಂಧಿವಾತದವರ ಪೀಲರ್ ಎಂದು ಅವರು ಮಾರಲಿಲ್ಲ. ಔಷಧದ ಅಂಗಡಿಯ ಊರುಗೋಲಿನ ಪಕ್ಕದಲ್ಲಿ ಇಟ್ಟಿದ್ದರೆ ಯಾರೂ ಹೆಮ್ಮೆಯಿಂದ ಅಡುಗೆಮನೆಯಲ್ಲಿ ನೇತುಹಾಕುತ್ತಿರಲಿಲ್ಲ. ಅತಿ ಕಷ್ಟಪಡುವ ಕೈಗೆ ಸಲೀಸಾದದ್ದು ಉಳಿದ ಎಲ್ಲ ಕೈಗಳಿಗೂ ಸಲೀಸೇ ಎಂಬ ನಂಬಿಕೆಯ ಮೇಲೆ ಎಲ್ಲರಿಗಾಗಿ ಮಾರಿದರು. ಆ ಪೀಲರ್ ಈಗ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಸಂಗ್ರಹದಲ್ಲಿದೆ.

ಪೀಲರಿನಲ್ಲಿ ನೋವು ಮೊದಲೇ ಗೊತ್ತಿತ್ತು. ಅಳತೆ ಕಪ್ಪಿನಲ್ಲಿ ತೊಂದರೆ ಏನೆಂಬುದೇ ಯಾರಿಗೂ ಗೊತ್ತಿರಲಿಲ್ಲ. ಅಧ್ಯಯನದ ಪಾಠವಾಗಿ ನನಗೆ ಕಪ್ಪೇ ದೊಡ್ಡದು.

ಆಗ ಆಕ್ಸೊದ ಅಧ್ಯಕ್ಷರಾಗಿದ್ದ ಅಲೆಕ್ಸ್ ಲೀ ಈ ವಿಷಯವನ್ನು ಸಾರ್ವಜನಿಕವಾಗಿ ವಿವರಿಸಿದ್ದಾರೆ. ನಿಮ್ಮ ಅಳತೆ ಕಪ್ಪಿನಲ್ಲಿ ಏನು ತೊಂದರೆ ಎಂದು ಜನರನ್ನು ಕೇಳಿದಾಗ ಬಂದ ಉತ್ತರಗಳು ನಿರೀಕ್ಷಿತವೇ: ಗಾಜಿನದು ಬಿದ್ದರೆ ಒಡೆಯುತ್ತದೆ, ಜಿಡ್ಡು ಕೈಯಲ್ಲಿ ಜಾರುತ್ತದೆ, ಬಿಸಿಯಾದರೆ ಹಿಡಿಯಲಾಗದು. ಆಮೇಲೆ, ಅಳೆದು ತೋರಿಸಿ ಎಂದರು. ಜನ ಸುರಿದರು, ಬಗ್ಗಿ ನೋಡಿದರು. ಕಡಿಮೆಯಾಗಿತ್ತು, ಮತ್ತೆ ಸುರಿದರು, ಮತ್ತೆ ಬಗ್ಗಿದರು. ಹೆಚ್ಚಾಗಿತ್ತು, ಸ್ವಲ್ಪ ಚೆಲ್ಲಿದರು, ಇನ್ನೊಮ್ಮೆ ಬಗ್ಗಿದರು. ಒಂದು ಕಪ್ ಅಳೆಯಲು ಇಷ್ಟು ಸಲ ಸೊಂಟ ಬಗ್ಗಿಸಿದ ಒಬ್ಬರೂ ಬಗ್ಗುವುದನ್ನು ತೊಂದರೆಯೆಂದು ಹೇಳಿರಲಿಲ್ಲ. ಅಳೆಯುವುದೆಂದರೇ ಬಗ್ಗಿ ನೋಡುವುದು ಎಂದು ಅವರ ದೇಹ ಒಪ್ಪಿಕೊಂಡಾಗಿತ್ತು. ರೂಢಿಯಾದ ಕಷ್ಟ ಬಾಯಿಗೆ ಬರುವುದಿಲ್ಲ. ಪ್ರಶ್ನಾವಳಿ ಎಷ್ಟೇ ಉದ್ದವಿದ್ದರೂ ಅದರಲ್ಲಿ ಸಿಕ್ಕಿಬೀಳುವುದಿಲ್ಲ.

ಪರಿಹಾರದ ಮೂಲ ಮಾದರಿ ಕಂಪನಿಯ ಒಳಗಿಂದ ಬಂದದ್ದೂ ಅಲ್ಲ. ಆಟಿಕೆ ವಿನ್ಯಾಸ ಮಾಡುವ ಹೊರಗಿನವರು ತಂದು ತೋರಿಸಿದ್ದು. ಕಪ್ಪಿನ ಒಳಗೋಡೆಗೆ ಓರೆಯಾಗಿ ಮೇಲೇರುವ ಒಂದು ಪಟ್ಟಿ, ಆ ಪಟ್ಟಿಯ ಮೇಲೆ ಅಳತೆಯ ಗೆರೆಗಳು. ಸುರಿಯುತ್ತಲೇ ಮೇಲಿನಿಂದ ನೋಡಿದರೆ ನೀರಿನ ಅಂಚು ಪಟ್ಟಿಯ ಮೇಲೆ ಹತ್ತುತ್ತಾ ಹೋಗುವುದು ಕಾಣುತ್ತದೆ. ಬೇಕಾದ ಗೆರೆ ಮುಟ್ಟಿದಾಗ ನಿಲ್ಲಿಸಿದರಾಯಿತು. ಓರೆಯಾಗಿರುವುದರಿಂದ ಗೆರೆಗಳ ನಡುವಿನ ಅಂತರ ನೇರ ಗೋಡೆಗಿಂತ ಸ್ವಲ್ಪ ಹಿಗ್ಗಿರುತ್ತದೆ, ಓದಲು ಅದೂ ಅನುಕೂಲ. ದ್ವಿನಾಭಿ (ಬೈಫೋಕಲ್) ಕನ್ನಡಕ ಹಾಕುವವರಿಗಂತೂ ದೊಡ್ಡ ಸಮಾಧಾನ: ತಲೆ ತಗ್ಗಿಸಿ ಕೆಳಗೆ ನೋಡಿದಾಗ ಓದುವ ಮಸೂರವೇ ಕಣ್ಣಿಗೆ ಎದುರಾಗುತ್ತದೆ, ಕಟ್ಟೆಯ ಮಟ್ಟಕ್ಕೆ ಬಗ್ಗಿ ನೇರ ನೋಡುವಾಗ ಹಾಗಾಗದು.

ಇದರಿಂದ ಲೆಕ್ಕ ಎಷ್ಟು ಸರಿಹೋಗುತ್ತದೆ? 8 ಸೆಂ.ಮೀ. ವ್ಯಾಸದ ನೇರ ಗೋಡೆಯ ಕಪ್ಪಿನಲ್ಲಿ 250 ಮಿ.ಲೀ. ನೀರು ಸುಮಾರು 5 ಸೆಂ.ಮೀ. ಎತ್ತರ ನಿಲ್ಲುತ್ತದೆ. ಬಗ್ಗಲು ಬೇಸರಪಟ್ಟು ಮೇಲಿನಿಂದ ಅಂದಾಜಿಸಿ 5 ಮಿ.ಮೀ. ತಪ್ಪಿದರೆ 25 ಮಿ.ಲೀ. ಹೋಯಿತು, ಅಂದರೆ ಶೇ. 10. ಅನ್ನಕ್ಕೆ ಇದು ನಡೆಯುತ್ತದೆ. ಕೇಕಿನ ಹಿಟ್ಟಿಗೆ ನಡೆಯದು.

ಕಪ್ ಕೊಂಡ ದಿನವೇ ಒಂದು ಪರೀಕ್ಷೆ ಮಾಡಿಕೊಳ್ಳಿ, ಯಾವ ಕಂಪನಿಯದಾದರೂ ಸರಿ. ಡಿಜಿಟಲ್ ತಕ್ಕಡಿಯ ಮೇಲೆ ಖಾಲಿ ಕಪ್ ಇಟ್ಟು ಸೊನ್ನೆಗೆ ತನ್ನಿ. 250 ಮಿ.ಲೀ. ಗೆರೆಯವರೆಗೆ ತಣ್ಣೀರು ಸುರಿಯಿರಿ. ತಕ್ಕಡಿ 250 ಗ್ರಾಂ ಆಸುಪಾಸು ತೋರಿಸಬೇಕು. 5 ಗ್ರಾಂ ಆಚೀಚೆ ಆದರೆ ಚಿಂತೆಯಿಲ್ಲ. 15 ಗ್ರಾಂ ಮೀರಿದರೆ ಗುರುತು ಸರಿಯಿಲ್ಲ ಅಥವಾ ನಿಮ್ಮ ಕಟ್ಟೆ ಓರೆಯಿದೆ. ಕಪ್ಪನ್ನು ತಿರುಗಿಸಿಟ್ಟು ಮತ್ತೆ ಓದಿದರೆ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ. ಗೆರೆಗಳು ಒಂದೇ ಕಡೆ ಓರೆಯಾಗಿ ಏರುವುದರಿಂದ ಕೈಯಲ್ಲಿ ಹಿಡಿದು ಅಳೆಯಬೇಡಿ, ಸಣ್ಣ ವಾಲಿಕೆಯೂ ಲೆಕ್ಕ ಕೆಡಿಸುತ್ತದೆ. ಇನ್ನೊಂದು ಗೊಂದಲ ಕಪ್ ಎಂಬ ಅಳತೆಯಲ್ಲೇ ಇದೆ: ಅಮೆರಿಕದ ಕಪ್ ಸುಮಾರು 237 ಮಿ.ಲೀ., ನಮ್ಮಲ್ಲಿ ಮಾರುವ ಅಳತೆ ಸೆಟ್ಟುಗಳಲ್ಲಿ 240 ಅಥವಾ 250, ರೈಸ್ ಕುಕ್ಕರ್ ಜೊತೆ ಬರುವ ಪ್ಲಾಸ್ಟಿಕ್ ಕಪ್ 180. ಒಂದೇ ಅಡುಗೆಗೆ ಎರಡು ಬಗೆಯ ಕಪ್ ಬೆರೆಸಬೇಡಿ. ಆಕ್ಸೊದಲ್ಲಿ ಮಿ.ಲೀ. ಗುರುತೂ ಇರುವುದರಿಂದ ಅದನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದು.

ಎಲ್ಲಿ ಇದು ಸೋಲುತ್ತದೆ ಎಂದೂ ಹೇಳಬೇಕು. ಅಕ್ಕಿ, ರವೆ, ಹಿಟ್ಟಿಗೆ ಇದು ಬೇಡ; ಓರೆ ಪಟ್ಟಿಯ ಮೇಲೆ ಕಾಳು ಗುಡ್ಡೆಯಾಗಿ ಕೂರುತ್ತದೆ, ಮೇಲ್ಮೈ ಸಮವಾಗುವುದಿಲ್ಲ. ನೊರೆ ಇರುವ ಹಾಲಿನಲ್ಲಿ ಗೆರೆ ಮುಚ್ಚಿಹೋಗುತ್ತದೆ, ನೊರೆ ಇಳಿಯುವವರೆಗೆ ಕಾಯಬೇಕು. ಪ್ಲಾಸ್ಟಿಕ್ ಕಪ್ಪಿಗೆ ಕಾದ ಎಣ್ಣೆ, ಕುದಿಯುವ ಸಕ್ಕರೆ ಪಾಕ ಸುರಿಯಲೇಬಾರದು. ಅರಿಶಿನದ ಮಜ್ಜಿಗೆಹುಳಿ ಅಳೆದರೆ ಹಳದಿ ಹಿಡಿಯುತ್ತದೆ. ತೊಳೆದು ಬಿಸಿಲಿಗಿಟ್ಟರೆ ಅರಿಶಿನದ ಬಣ್ಣ ಬೆಳಕಿಗೆ ಮಾಸುತ್ತದೆ, ಉಜ್ಜಿದರೆ ಹೋಗುವುದಿಲ್ಲ. ಉಜ್ಜುವುದೇ ಇದರ ಶತ್ರು. ಗೆರೆಗಳು ಮುದ್ರಿಸಿದವು, ಸ್ಟೀಲ್ ಸ್ಕ್ರಬ್ಬರಿನಿಂದ ದಿನಾ ತಿಕ್ಕುವ ಮನೆಯಲ್ಲಿ ಅಳತೆಯೇ ಅಳಿಸಿಹೋಗುವ ಅಪಾಯವಿದೆ. ಸ್ಪಂಜಿನ ಮೆತ್ತನೆಯ ಬದಿಯಿಂದ ತೊಳೆಯಬೇಕು, ಪಾತ್ರೆ ತೊಳೆಯಲು ಬರುವವರಿಗೆ ಇದನ್ನು ಬೇರೆಯಾಗಿ ಹೇಳಬೇಕು.

ಹೀಗೆ ಬೇರೆಯಾಗಿ ಹೇಳಬೇಕಾಗಿ ಬರುವುದೇ ಒಂದು ಸುಳಿವು. ಈ ಕಪ್ಪನ್ನು ಮಾಡಿದವರು ನೋಡಿದ್ದು ಅಳೆಯುವವರೇ ತೊಳೆಯುವ, ಬಹುಪಾಲು ಡಿಶ್‌ವಾಶರ್ ಇರುವ ಮನೆಗಳನ್ನು. ಅಳೆಯುವವರು ಒಬ್ಬರು, ತೊಳೆಯುವವರು ಇನ್ನೊಬ್ಬರು ಆಗಿರುವ ಬೆಂಗಳೂರಿನ ಮನೆಯನ್ನು ನೋಡಿದ್ದರೆ ಗೆರೆಗಳನ್ನು ಮುದ್ರಿಸದೆ ಉಬ್ಬಾಗಿ ಅಚ್ಚು ಹಾಕುತ್ತಿದ್ದರೇನೋ. ಅಧ್ಯಯನದ ಫಲ ಸಿಗುವುದು ಯಾರನ್ನು ನೋಡಿದರೋ ಅವರಿಗೆ. ನೋಡದೆ ಬಿಟ್ಟವರಿಗೆ ಸಿಕ್ಕರೆ ಅದು ಅದೃಷ್ಟ.

ಪೀಲರನ್ನು ನಮ್ಮ ತರಕಾರಿಗಳ ಮೇಲೆ ಹಾಯಿಸಿದಾಗ ಇದು ಇನ್ನೂ ನಿಚ್ಚಳವಾಗುತ್ತದೆ. ಆಲೂಗಡ್ಡೆ, ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್, ಎಳೆಯ ಸೋರೆಕಾಯಿಗೆ ಬೇರೆ ಮಾತಿಲ್ಲ. ಅಲಗಿಗೆ ಎರಡೂ ಅಂಚು ಹರಿತವಿರುವುದರಿಂದ ಎಳೆಯಬಹುದು, ತಳ್ಳಬಹುದು, ಎಡಗೈಯವರಿಗೂ ಬಲಗೈಯವರಿಗೂ ಭೇದವಿಲ್ಲ. ಸೀಮೆಬದನೆಯ ಅಂಟು ರಸ ಕೈಗೆ ಮೆತ್ತಿ ಎಲ್ಲವೂ ಜಾರುವಾಗ ಈ ಹಿಡಿಕೆಯ ಬೆಲೆ ಗೊತ್ತಾಗುತ್ತದೆ. ಬಾಳೆಕಾಯಿಗೆ ಅಂಟದಿರಲೆಂದು ಕೈಗೆ ಎಣ್ಣೆ ಸವರಿಕೊಳ್ಳುವ ನಮ್ಮ ಪದ್ಧತಿಗೂ ಇದು ಜಗ್ಗುವುದಿಲ್ಲ. ಎಣ್ಣೆಗೈಯಲ್ಲಿ ಸ್ಟೀಲ್ ಪೀಲರ್ ಹಿಡಿಯುವುದು ಅಪಾಯದ ಕೆಲಸ. ಪಲ್ಯಕ್ಕೆ ಬಾಳೆಕಾಯಿಯ ಹಸಿರನ್ನು ತೆಳುವಾಗಿ ತೆಗೆಯಲು ಪೀಲರ್ ಸರಿ, ಚಿಪ್ಸಿಗೆ ಪೂರ್ತಿ ಸಿಪ್ಪೆ ಬಿಡಿಸಲು ಚಾಕುವೇ ಬೇಕು.

ಹೀರೇಕಾಯಿಯಲ್ಲಿ ತೊಂದರೆ ಶುರು. ಅಲಗು ಹೊರಳುವಂತೆ ಮಾಡಿರುವುದು ಉರುಟು ಮೈಯ ತಿರುವುಗಳನ್ನು ಹಿಂಬಾಲಿಸಲು. ಏಣುಗಳಿರುವ ಹೀರೇಕಾಯಿಯಲ್ಲಿ ಅದು ಏಣಿನಿಂದ ಜಾರಿ ಪಕ್ಕದ ಕಣಿವೆಗೆ ವಾಲುತ್ತದೆ, ಎಲ್ಲೋ ದಪ್ಪ ಎಲ್ಲೋ ತೆಳು ಹೆರೆಯುತ್ತದೆ. ಏಣಿನ ನಾರು ಅಲಗಿನ ಸೀಳಿನಲ್ಲಿ ಸುತ್ತಿಕೊಂಡು ಕಚ್ಚುತ್ತದೆ. ದಾರಿ ಇದೆ: ಮೊದಲು ಏಣುಗಳನ್ನಷ್ಟೇ, ತೊಟ್ಟಿನಿಂದ ತುದಿಗೆ, 4-5 ಸೆಂ.ಮೀ. ಉದ್ದದ ಚಿಕ್ಕ ಎಳೆತಗಳಲ್ಲಿ ತೆಗೆಯಿರಿ. ಉದ್ದಕ್ಕೆ ಒಂದೇ ಉಸಿರಿಗೆ ಎಳೆದರೆ ನಾರು ಸುತ್ತುತ್ತದೆ. ಆಮೇಲೆ ಕಣಿವೆಗಳ ಮೇಲೆ ಹಗುರಾಗಿ ಹಾಯಿಸಿ. ಏಣಿನ ಸಿಪ್ಪೆಯನ್ನು ಚಟ್ನಿಗೆ ಎತ್ತಿಡುವವರಿಗೆ ಈ ಕ್ರಮದಲ್ಲಿ ಅದು ಬೇರೆಯಾಗಿಯೇ ಸಿಗುತ್ತದೆ. ಸೀಳು ಕಟ್ಟಿಕೊಂಡರೆ ಬೆರಳು ಹಾಕಬೇಡಿ, ನಲ್ಲಿಯ ಕೆಳಗೆ ಹಿಡಿದು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಳ್ಳಿ.

ಸುವರ್ಣಗೆಡ್ಡೆ, ಬಲಿತ ಬೂದುಗುಂಬಳಕ್ಕೆ ಇದನ್ನು ತೆಗೆಯುವುದೇ ಬೇಡ. ಮಣ್ಣು ಮೆತ್ತಿದ ದಪ್ಪ ಸಿಪ್ಪೆ ಅಲಗನ್ನು ಮೊಂಡು ಮಾಡುತ್ತದೆ, ಸೀಳಿನ ಅಗಲವೂ ಸಾಲದು. ಶುಂಠಿಗೆ ಚಮಚದ ಅಂಚು ಇದಕ್ಕಿಂತ ಮೇಲು. ಮಾವಿನಕಾಯಿ ಹೆರೆದ ಮೇಲೆ ತಕ್ಷಣ ತೊಳೆದು ಒರೆಸಿಡಿ: ಹುಳಿ ಮತ್ತು ಉಪ್ಪು ಸೇರಿ ಸ್ಟೀಲ್ ಅಲಗಿನ ಮೇಲೂ ಚುಕ್ಕೆ ಬೀಳಿಸುತ್ತವೆ. ಅಲಗು ಹೊರಳುವುದು ಬಿಗಿಯಾದರೆ ಸಾಮಾನ್ಯವಾಗಿ ಕಾರಣ ಒಣಗಿದ ಪಿಷ್ಟ. ಉಗುರುಬೆಚ್ಚನೆ ನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಬಿಡುತ್ತದೆ. ಮೆತ್ತನೆಯ ಪದರಗಳ ಸಂದಿಯಲ್ಲಿ ಹಿಟ್ಟು, ಜಿಡ್ಡು ಕೂರುತ್ತದೆ, ಅಲ್ಲಿಗೂ ಅದೇ ಬ್ರಶ್. ಅಲಗು ಮೊಂಡಾದರೆ ಬದಲಿಸಲು ಬರುವುದಿಲ್ಲ, ಇದು ಈ ಬೆಲೆಗೆ ಒಪ್ಪಲಾಗದ ಕೊರತೆ ಎಂದೇ ನನ್ನ ಅಭಿಪ್ರಾಯ.

ಈಳಿಗೆಮಣೆಯಲ್ಲಿ ಕೈ ಪಳಗಿದ ಹಿರಿಯರ ವಿಷಯ ಬೇರೆಯೇ. ಕರಾವಳಿಯ ಮೆಟ್ಟುಗತ್ತಿ ಇರಲಿ, ಬಯಲುಸೀಮೆಯ ಈಳಿಗೆ ಇರಲಿ, ಅಲ್ಲಿ ಅಲಗು ನಿಂತಿರುತ್ತದೆ, ತರಕಾರಿ ಚಲಿಸುತ್ತದೆ, ಎರಡೂ ಕೈ ತರಕಾರಿಯ ಮೇಲಿರುತ್ತವೆ. ಹಿಡಿಕೆ ಎಂಬುದೇ ಇಲ್ಲ, ಹಾಗಾಗಿ ಹಿಡಿಕೆಯ ನೋವೂ ಇಲ್ಲ. ಅವರು ಪೀಲರಿಗೆ ಬದಲಾಗುವುದು ಬೆರಳು ನೋಯುವಾಗ ಅಲ್ಲ, ಮಂಡಿ ನೋಯುವಾಗ, ನೆಲದಲ್ಲಿ ಕೂತು ಏಳಲು ಆಗದಾಗ. ನಿಂತು ಕೆಲಸ ಮಾಡತೊಡಗಿದ ಮೇಲೆ ಅಲಗನ್ನು ಕೈಯಲ್ಲಿ ಹಿಡಿದು ಓಡಿಸುವುದು ಅವರಿಗೆ ಹೊಸ ಕಲಿಕೆ. ಹೆಬ್ಬೆರಳು ಅಲಗಿನ ದಾರಿಗೆ ಅಡ್ಡ ಬರುವುದು ಮೊದಲ ವಾರಗಳಲ್ಲಿ ಸಾಮಾನ್ಯ. ಅಂಥವರಿಗೆ ಪೀಲರ್ ಕೊಡುವಾಗ ತಳ್ಳುವ ಕ್ರಮವನ್ನೇ, ತಮ್ಮಿಂದ ದೂರಕ್ಕೆ, ತರಕಾರಿಯ ತುದಿಯನ್ನು ಹಲಗೆಗೆ ಊರಿ, ಮೊದಲು ತೋರಿಸಿ. ಸಂಧಿವಾತದ ಕೈಯನ್ನು ನೋಡಿದ ವಿನ್ಯಾಸ ತಂಡ ಈ ಮಂಡಿಯನ್ನು ನೋಡಿರಲಿಲ್ಲ.

ಅಳತೆಯಲ್ಲೂ ಹಾಗೆ. ನಮ್ಮ ದಿನದ ಅಡುಗೆ ನಡೆಯುವುದು ಪ್ರಮಾಣದ ಮೇಲೆ: ಯಾವ ಲೋಟದಲ್ಲಿ ಅಕ್ಕಿ ಹಾಕಿದೆವೋ ಅದೇ ಲೋಟದಲ್ಲಿ ಎರಡು ನೀರು, ಉಪ್ಪಿಟ್ಟಿಗಾದರೆ ಎರಡೂವರೆಯಿಂದ ಮೂರು. ಲೋಟ 150 ಮಿ.ಲೀ. ಇದ್ದರೇನು, 200 ಇದ್ದರೇನು? ಇಲ್ಲಿ ಮಿ.ಲೀ. ಗೆರೆಗಳಿಗೆ ಕೆಲಸವೇ ಇಲ್ಲ. ಕೇಕ್, ಬ್ರೆಡ್, ಫಿಲ್ಟರ್ ಕಾಫಿಯ ಡಿಕಾಕ್ಷನ್‌ಗೆ ನಿಗದಿ ನೀರು, ಗಿಡಗಳಿಗೆ ದ್ರವ ಗೊಬ್ಬರ ಬೆರೆಸುವುದು ಇಂಥ ಕೆಲಸವಿದ್ದರೆ ಮಾತ್ರ ಓರೆ ಕಪ್ ದುಡಿಯುತ್ತದೆ. (ಗೊಬ್ಬರಕ್ಕೆ ಬಳಸಿದ ಕಪ್ ಮತ್ತೆ ಅಡುಗೆಮನೆಗೆ ಬರಬಾರದು.)

ಪೀಣ್ಯದಲ್ಲೋ ಹುಬ್ಬಳ್ಳಿಯಲ್ಲೋ ಅಡುಗೆ ಸಾಮಾನು ಮಾಡುವ ಸಣ್ಣ ಉದ್ದಿಮೆಗೆ ಇಂಥ ಅಧ್ಯಯನ ಕೈಗೆಟುಕದ್ದೇನಲ್ಲ. ದೊಡ್ಡ ಹಣ ಬೇಡ, ತಾಳ್ಮೆ ಬೇಕು. ಒಂದೇ ಬಗೆಯಾಗಿ ಬಳಸುವ ಐದು ಜನರನ್ನು ಆರಿಸಿ. ಐದೇ ಯಾಕೆ? ಯಾಕೋಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ ಅವರ ಲೆಕ್ಕದಲ್ಲಿ ಒಬ್ಬ ಬಳಕೆದಾರರನ್ನು ಗಮನಿಸಿದರೆ ಸರಾಸರಿ ಶೇ. 31ರಷ್ಟು ತೊಡಕುಗಳು ಕಾಣುತ್ತವೆ. ಐವರಾಗುವಷ್ಟರಲ್ಲಿ ಸುಮಾರು ಶೇ. 85 ಕಂಡಿರುತ್ತವೆ, ಆಮೇಲೆ ಕಂಡದ್ದೇ ಮತ್ತೆ ಕಾಣುತ್ತದೆ. ಅದು ಕಂಪ್ಯೂಟರ್ ಪರದೆಗಳ ಪರೀಕ್ಷೆಯಿಂದ ಬಂದ ಅಂಕಿ, ಎಲ್ಲ ವಸ್ತುವಿಗೂ ಹಾಗೇ ಅನ್ವಯಿಸದು, ಆದರೆ ದಿಕ್ಕು ಸರಿ. ಮರೆಯಬಾರದ್ದು: ಐವರು ಎಂದರೆ ಒಂದು ಗುಂಪಿಗೆ ಐವರು. ಮನೆಯಲ್ಲಿ ಅಡುಗೆ ಮಾಡುವವರಿಗೊಂದು ಐದು, ದರ್ಶಿನಿಯಲ್ಲಿ ದಿನಕ್ಕೆ ಮೂಟೆಗಟ್ಟಲೆ ಆಲೂಗಡ್ಡೆ ಸುಲಿಯುವವರಿಗೆ ಇನ್ನೊಂದು ಐದು, ಕೀಲುನೋವಿನವರಿಗೆ ಮತ್ತೊಂದು.

ಅವರನ್ನು ಕಚೇರಿಗೆ ಕರೆಸಬೇಡಿ, ಅವರ ಅಡುಗೆಮನೆಗೆ ಹೋಗಿ. ಕಟ್ಟೆಯ ಎತ್ತರ, ಬೆಳಕು, ಸಿಂಕಿನ ದೂರ ಎಲ್ಲ ಲೆಕ್ಕಕ್ಕೆ ಬರುತ್ತವೆ. ಒಪ್ಪಿಗೆ ಕೇಳಿ, ಕೈಗಳನ್ನಷ್ಟೇ ವಿಡಿಯೊ ಮಾಡಿ. ಪ್ರಶ್ನೆ ಕೇಳುವ ಬದಲು ಕೆಲಸ ಕೊಡಿ: ಅರ್ಧ ಕೆ.ಜಿ. ಆಲೂಗಡ್ಡೆ, ಕಾಲು ಕೆ.ಜಿ. ಹೀರೇಕಾಯಿ ಸಿಪ್ಪೆ ತೆಗೆಯಬೇಕು, ನಿಮಗೆ ಅಭ್ಯಾಸವಿದ್ದ ಹಾಗೆ. ಕಷ್ಟಪಟ್ಟರೂ ಸಹಾಯಕ್ಕೆ ಹೋಗಬೇಡಿ. ಎಷ್ಟು ಸಲ ಹಿಡಿತ ಬದಲಿಸಿದರು, ಎಲ್ಲಿ ನಿಲ್ಲಿಸಿದರು, ಎಷ್ಟು ಹೊತ್ತು ಹಿಡಿಯಿತು ಎಂದು ಬರೆಯಿರಿ. ಕೊನೆಗೆ ಸಿಪ್ಪೆಯನ್ನು ತೂಗಿ, ಎಷ್ಟು ತಿರುಳು ಹಾಳಾಯಿತೆಂದು ಅದು ಹೇಳುತ್ತದೆ. ಹಿಡಿಕೆಗೆ ಸುತ್ತಿದ ಬಟ್ಟೆ, ಬಿಗಿದ ರಬ್ಬರ್ ಬ್ಯಾಂಡ್ ಕಂಡರೆ ಅದೇ ಚಿನ್ನ: ನೀವು ಮಾಡಬೇಕಾದ ವಿನ್ಯಾಸವನ್ನು ಅವರು ಅರ್ಧ ಮಾಡಿಬಿಟ್ಟಿದ್ದಾರೆ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ, ಪರದೇಶದ ಪಠ್ಯಗಳಲ್ಲಿ ಇದಕ್ಕೆ ಸಾಕಷ್ಟು ಜಾಗವಿಲ್ಲ. ಮನೆಗೆ ಬಂದವರನ್ನು ನೋಯಿಸಬಾರದು. ಮಾದರಿ ತೋರಿಸಿ ಹೇಗಿದೆಯಮ್ಮಾ ಎಂದರೆ, ಚೆನ್ನಾಗಿದೆಯಪ್ಪಾ ಎಂದೇ ಉತ್ತರ ಬರುತ್ತದೆ, ಜೊತೆಗೆ ಕಾಫಿಯೂ ಬರುತ್ತದೆ. ಬಳಸುವ ಸಾಮಾನು ತೋರಿಸಿ ಎಂದರೆ ಒಳಗಿಟ್ಟ ಹೊಸದನ್ನು ತೆಗೆಯುತ್ತಾರೆ. ಹಾಗಾಗಿ ಚೆನ್ನಾಗಿದೆಯಾ ಎಂದು ಕೇಳುವುದನ್ನೇ ಬಿಡಿ. ಎರಡು ಮಾದರಿ ಕಟ್ಟೆಯ ಮೇಲಿಟ್ಟು ಬನ್ನಿ, ಒಂದು ವಾರದ ಮೇಲೆ ಹೋಗಿ ಯಾವುದು ಸಿಂಕಿನಲ್ಲಿದೆ, ಯಾವುದು ಕಪಾಟಿನಲ್ಲಿದೆ ನೋಡಿ. ಬಾಯಿ ಉಪಚಾರ ಮಾಡಬಹುದು, ಸಿಂಕು ಮಾಡುವುದಿಲ್ಲ.

ಮಾದರಿ ಮಾಡಲು ಅಚ್ಚು ಬೇಡ. ಸ್ಥಳೀಯ ಸ್ಟೀಲ್ ಪೀಲರಿನ ಹಿಡಿಕೆಗೆ ಸೈಕಲ್ ಗ್ರಿಪ್ ತೊಡಿಸಿ, ಅಥವಾ ಎಂ-ಸೀಲ್ ಮೆತ್ತಿ, ಗಟ್ಟಿಯಾಗುವ ಮೊದಲು ಬಳಸುವವರಿಂದಲೇ ಕೈಗವಸು ಹಾಕಿಸಿ ಹಿಡಿಸಿ. ಗಟ್ಟಿಯಾದ ಮೇಲೆ ಬೆರಳಿನ ಗುರುತುಗಳೇ ನಕ್ಷೆ. ಎಂ-ಸೀಲ್ ಮೆತ್ತಿದ ಮಾದರಿ ಹಿಡಿಕೆಯ ಆಕಾರ ಪರೀಕ್ಷಿಸಲು ಮಾತ್ರ, ತಿನ್ನುವ ತರಕಾರಿಗೆ ಅದನ್ನು ಬಳಸಬೇಡಿ. ಅದೇ ಕೆಲಸ, ಅದೇ ತೂಕ, ಅದೇ ಜನರಿಂದ ಮತ್ತೆ ಮಾಡಿಸಿ, ಅಂಕಿಗಳನ್ನು ಹೋಲಿಸಿ. ಹಿಡಿತ ಬದಲಿಸುವುದು ಕಡಿಮೆಯಾಗದಿದ್ದರೆ ಬಣ್ಣ ಎಷ್ಟೇ ಚೆಂದವಿದ್ದರೂ ಆ ಮಾದರಿಯನ್ನು ಬದಿಗಿಡಿ.

ಕೊಳ್ಳುವವರಿಗೆ ಕೊನೆಯ ಮಾತು. ಮನೆಯಲ್ಲಿ ಬೆರಳ ಕೀಲು ನೋಯುವವರಿದ್ದರೆ, ಅಥವಾ ದಿನಾ ಒಂದು ಕೆ.ಜಿ.ಗಿಂತ ಹೆಚ್ಚು ತರಕಾರಿ ಸುಲಿಯುವ ಮನೆಯಾದರೆ, ಪೀಲರ್ ಕಣ್ಣುಮುಚ್ಚಿ ತೆಗೆದುಕೊಳ್ಳಿ. ವಾರಕ್ಕೆರಡು ಆಲೂಗಡ್ಡೆಗಾದರೆ ಸ್ಥಳೀಯ ಪೀಲರ್ ಸಾಕು. ಅಂಗಡಿಯಲ್ಲಿ ಹಿಡಿಕೆ ಅಂಡಾಕಾರವಿದೆಯೇ, ಅಲಗು ಎರಡೂ ಕಡೆ ಹರಿತವೇ, ಒದ್ದೆ ಕೈಯಲ್ಲಿ ತಿರುಗದೆ ನಿಲ್ಲುತ್ತದೆಯೇ ಎಂದು ನೋಡಿಕೊಂಡರಾಯಿತು. ಅಂಗಡಿಯವರು ಬೇಡವೆನ್ನಲಾರರು, ಒಂದು ಹನಿ ನೀರು ಕೇಳಿ. ಅಳತೆ ಕಪ್ಪಿನಲ್ಲಿ ದೊಡ್ಡ 1 ಲೀಟರಿನದು ನಮ್ಮ ಬಳಕೆಗೆ ವ್ಯರ್ಥ. ಬೇಕಿಂಗ್ ಮಾಡುವವರಿಗೆ 500 ಮಿ.ಲೀ.ಯದು ಸಾಕು, ಉಳಿದವರು 60 ಮಿ.ಲೀ.ಯ ಪುಟ್ಟ ಕಪ್ಪಿನಿಂದ ಶುರು ಮಾಡಿ: ನಿಂಬೆರಸ, ಎಣ್ಣೆ, ಆರಿದ ತುಪ್ಪ ಅಳೆಯಲು ಅದು ಚಮಚಕ್ಕಿಂತ ಎಷ್ಟೋ ಮೇಲು.